ಪಿಸುಮಾತಿನ ಪಾಠ

ಗ್ರಂಥಪಾಲಕರ ಗಂಟಲು ಕೆಟ್ಟಿರಲಿಲ್ಲ. ತೀರಾ ಒಳ್ಳೆಯದಾಗಿಬಿಟ್ಟಿತ್ತು, ಅದೇ ತೊಂದರೆ. ವಿಶ್ವವಿದ್ಯಾಲಯದ ವಾಚನಾಲಯದಲ್ಲಿ ‘ಶ್’ ಎನ್ನುತ್ತಲೇ ಅರ್ಧ ಆಯುಷ್ಯ ಕಳೆದವರಿಗೆ ಈಗ ಪಿಸುಮಾತು ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಂಬಿ ಬೆಳ್ಳಿಯನ್ನೆಲ್ಲ ಕಳೆದುಕೊಂಡ ಮನುಷ್ಯ. ಹೆಂಡತಿಗೆ ಅವರು ಹೇಳಿದ್ದೆಲ್ಲ ಕಿವಿಮಾತೇ. ಅದೂ ಆಕೆ ಕಿವಿ ತಂದು ಬಾಯಿಗಿಟ್ಟರೆ.

ಆ ಬೆಳಿಗ್ಗೆ ರಿಜಿಸ್ಟ್ರಾರ್ ಬಂದು ಮೇಜಿನ ಮುಂದೆ ನಿಂತರು.

“ಈಗ ಹುಡುಗ್ರೆಲ್ಲ ಮನೇಲೇ ಕೂತು ಓದ್ತಾರೆ. ಅಲ್ಲಿಂದ್ಲೇ ನಮ್ಮ ಇ-ಪುಸ್ತಕ ತೆಗೆಯೋದು ಹೇಗೆ ಅಂತ ನೀವೊಂದು ವಿಡಿಯೋ ಪಾಠ ಮಾಡಿ. ಮಧ್ಯಾಹ್ನಕ್ಕೆ ಹಾಕ್ಬೇಕು, ಸಂಜೆ ನಾನು ಬರ್ತೀನಿ. ಯಾರೂ ನೋಡಿಲ್ಲ ಅಂದ್ರೆ ಈ ಕೆಲಸ ಕಂಪ್ಯೂಟರ್ ವಿಭಾಗಕ್ಕೆ, ನೀವು ನೆಲಮಾಳಿಗೆಗೆ.”

ನೆಲಮಾಳಿಗೆ ಎಂದರೆ ಹಳೆಯ ಪತ್ರಿಕೆಗಳ ಉಗ್ರಾಣ. ಇಲ್ಲಿ ಮೇಜಿನ ಪಕ್ಕ ಬೆಳಕಿತ್ತು, ಪುಸ್ತಕ ಕೇಳಿಕೊಂಡು ಬರುವ ನಾಲ್ಕು ಮುಖಗಳಿದ್ದವು. ಅಲ್ಲಿ ಪುಸ್ತಕದ ರುಚಿ ಬಲ್ಲದ್ದು ಗೆದ್ದಲು ಮಾತ್ರ.

ಹರಿದ ಪುಸ್ತಕ ಹೊಲಿಯುವ ಬೈಂಡಿಂಗ್ ಅಕ್ಕ ತನ್ನ ಫೋನು ಹಿಡಿದು ನಿಂತಳು.

“ಶುರು ಮಾಡಿ ಸಾರ್.”

ಗ್ರಂಥಪಾಲಕರ ತುಟಿ ಬಹಳ ಹೊತ್ತು ಅಲ್ಲಾಡಿತು.

“ಯಾವಾಗ ಶುರು ಮಾಡ್ತೀರಿ?”

“ಮುಗೀತಲ್ಲಮ್ಮ.”

ಹಾಕಿ ಕೇಳಿದರೆ ಒಣ ಎಲೆಯ ಮೇಲೆ ಇರುವೆ ನಡೆದಂತಿತ್ತು.

“ಹೊಟ್ಟೆಯಿಂದ ಮಾತಾಡಿ ಸಾರ್. ಹೆಂಡ್ತಿ ಜೊತೆ ಜಗಳ ಆಡಿಲ್ವಾ ಯಾವತ್ತೂ?”

“ಆಡಿದೀನಿ. ಅವಳಿಗಿನ್ನೂ ಗೊತ್ತಾಗಿಲ್ಲ.”

ಎರಡನೆಯ ಸಲ ಉಸಿರು ಕಟ್ಟಿ, “ಮೊದಲು ನಿಮ್ಮ ಪಾಸ್‌ವರ್ಡ್” ಎಂದರು. ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ನಿವೃತ್ತ ಮೇಷ್ಟ್ರು ತಲೆಯೆತ್ತಿದರು. ಆಕಳಿಸಿದರೂ ಅವರ ಬಾಯಿ ಮುಚ್ಚಿಸಿದ್ದವರು ಇದೇ ಗ್ರಂಥಪಾಲಕರು.

“ಶ್,” ಎಂದರು ಮೇಷ್ಟ್ರು, ಬಹುಕಾಲದ ಸಾಲ ತೀರಿಸುವ ನೆಮ್ಮದಿಯಲ್ಲಿ. “ಗ್ರಂಥಾಲಯ ಕಣ್ರೀ ಇದು, ಸಂತೆಯಲ್ಲ.”

ನ್ಯಾಯವಾದ ಮಾತು. ಗ್ರಂಥಪಾಲಕರು ಕ್ಷಮೆ ಕೇಳಿ ಹೊರಗೆ ಹೋದರು. ಅಲ್ಲಿ ಹುಲ್ಲು ಕತ್ತರಿಸುವ ಯಂತ್ರ ಗುಡುಗುತ್ತಿತ್ತು. ಮತ್ತೆ ಒಳಗೆ ಬಂದಾಗ ಬೈಂಡಿಂಗ್ ಅಕ್ಕ ಅವರ ಕೈಗೆ ಫೋನು ಕೊಟ್ಟು, ಕಾಗದ ಇಡುವ ಬೀರುವಿನೊಳಗೆ ನಿಲ್ಲಿಸಿ ಬಾಗಿಲು ಹಾಕಿದಳು. ಧೂಳಿಗೆ ಸೀನು ಹತ್ತಿತು. ಆ ಪಾಠದಲ್ಲಿ ಸ್ಫುಟವಾಗಿ ಕೇಳಿಸಿದ್ದು ಸೀನೊಂದೇ.

ಅಷ್ಟರಲ್ಲಿ ಮಧ್ಯಾಹ್ನವಾಯಿತು.

“ಮೊದಲನೇದೇ ಹಾಕ್ತೀನಿ,” ಎಂದಳು ಅಕ್ಕ. “ಅದರಲ್ಲಿ ಮುಖನಾದ್ರೂ ಲಕ್ಷಣವಾಗಿದೆ.”

ಗ್ರಂಥಪಾಲಕರು ಊಟ ಮಾಡಲಿಲ್ಲ. ಖಾನೆ ಖಾಲಿ ಮಾಡಿದರು, ಬೇರೆ ಕೈಗೆ ಹೋಗುವ ಮೇಜನ್ನು ಕರವಸ್ತ್ರದಿಂದ ಒರೆಸಿದರು. ಸಾಲದ್ದಕ್ಕೆ ಇನ್ನೊಮ್ಮೆ ಒರೆಸಿದರು.

ಸಂಜೆ ರಿಜಿಸ್ಟ್ರಾರ್ ಬಂದರು. ಮುಖ ಗಂಭೀರವಾಗಿತ್ತು.

“ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ. ದೊಡ್ಡದೊಡ್ಡ ಪ್ರೊಫೆಸರ್ ಪಾಠನೇ ಹುಡುಗ್ರು ಅರ್ಧಕ್ಕೆ ಬಿಟ್ಟು ಓಡ್ತಾರೆ. ನಿಮ್ಮದನ್ನ ಒಬ್ಬೊಬ್ಬರೂ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಹಾಕಿ, ಮತ್ತೆ ತಿರುಗಿಸಿ ನೋಡಿದಾರೆ. ಒಂದು ವಾಕ್ಯನೂ ಬಿಟ್ಟಿಲ್ಲ. ಎಂಥ ತಲ್ಲೀನತೆ.”

“ನೀವು ಕೇಳಿದ್ರಾ ಸಾರ್?” ಎಂದಳು ಬೈಂಡಿಂಗ್ ಅಕ್ಕ.

“ಕೇಳೋಕೆ ನನಗೆಲ್ಲಿ ಪುರುಸೊತ್ತು? ಅಂಕಿ ನೋಡಿದೆ.”

ಗ್ರಂಥಪಾಲಕರು ಖಾನೆಯೊಳಗೆ ಪೆನ್ನನ್ನು ಮೆಲ್ಲಗೆ ವಾಪಸಿಟ್ಟರು.

“ಇನ್ಮೇಲೆ ಎಲ್ಲ ವಿಭಾಗದ ಆನ್‌ಲೈನ್ ಪಾಠನೂ ನಿಮ್ಮ ದನಿಯಲ್ಲೇ,” ಎಂದರು ರಿಜಿಸ್ಟ್ರಾರ್. “ಅದಕ್ಕೊಂದು ಸ್ಟುಡಿಯೋ ಬೇಕಲ್ಲ, ಗದ್ದಲ ಇಲ್ಲದ ಕಡೆ. ಇಡೀ ಕಟ್ಟಡ ಸುತ್ತಿದೆ. ನೆಲಮಾಳಿಗೆಯಂಥ ಜಾಗ ಇನ್ನೊಂದಿಲ್ಲ. ಕಿಟಕಿ ಇಲ್ಲ, ನರಪಿಳ್ಳೆ ಸುಳಿಯಲ್ಲ. ನಾಳೆಯಿಂದ ಅಲ್ಲೇ ಕೂತ್ಕೊಳ್ಳಿ.”

ಗ್ರಂಥಪಾಲಕರು ಎದ್ದು ನಿಂತರು. ಇಷ್ಟು ವರ್ಷ ಕೂಡಿಟ್ಟ ದನಿಯನ್ನೆಲ್ಲ ಒಟ್ಟುಮಾಡಿ, “ಅವರಿಗೆ ಕೇಳಿಸಿಲ್ಲ ಸಾರ್, ಅದಕ್ಕೇ ಮತ್ತೆ ಮತ್ತೆ ಹಾಕಿದಾರೆ” ಎಂದರು.

ತುಟಿ ಅಲ್ಲಾಡಿದ್ದು ಕಂಡು ರಿಜಿಸ್ಟ್ರಾರ್ ಕರಗಿಹೋದರು.

“ಅಯ್ಯೋ, ನನಗ್ಯಾಕ್ರೀ ಥ್ಯಾಂಕ್ಸು,” ಎಂದು ಭುಜ ತಟ್ಟಿ, ನೆಲಮಾಳಿಗೆಯ ಬೀಗದ ಕೈಯನ್ನು ಅವರ ಅಂಗೈಗಿಟ್ಟು ಹೋದರು.