ಷಡ್ಡಕನ ಅಂಗಳಕ್ಕೆ ಹೋದ ನನ್ನ ಕಸ

ದಾಯಾದಿಗಳ ಜಗಳಕ್ಕೆ ಕೋರ್ಟಿದೆ, ಕಚೇರಿಯಿದೆ, ಬದುವಿಗೆ ಕಲ್ಲು ನೆಡಿಸಿ ಮುಗಿಸುವ ಹಿರಿಯರಿದ್ದಾರೆ. ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿಗೆ ಇವು ಯಾವುವೂ ಇಲ್ಲ. ಅಲ್ಲಿ ನ್ಯಾಯ ಹೇಳಬೇಕಾದವಳು ಹೆಂಡತಿ. ಅವಳೋ ಮೊದಲಿನಿಂದಲೂ ಎದುರು ಪಕ್ಷದ ಸಾಕ್ಷಿ. ಒಂದೇ ಮನೆಯ ಹೆಣ್ಣುಗಳನ್ನು ತಂದ ಗಂಡಸರನ್ನು ಕಂಡಾಗಲೆಲ್ಲ ನನ್ನ ಅಜ್ಜ, "ಒಂದೇ ತಕ್ಕಡಿ ಏರ್ಯಾರೆ, ಇನ್ನು ಸಾಯೋತನಕ ಇಳಿಯಂಗಿಲ್ಲ" ಎನ್ನುತ್ತಿದ್ದ. ಅಜ್ಜನಿಗೆ ಆರು ಮಂದಿ ಷಡ್ಡಕರಿದ್ದರು. ಅನುಭವದ ಮಾತು.

ನನಗಿರುವವನು ಒಬ್ಬನೇ, ಆದರೆ ಆರು ಮಂದಿಗೆ ಸಮ. ಹೆಸರು ಕೊಟ್ರೇಶಿ. ನನ್ನ ಹೆಂಡತಿ ಗೌರಮ್ಮನ ತಂಗಿಯ ಗಂಡ. ಹರಿಹರದಲ್ಲಿ ಮನೆ, ಮನೆಯ ಹಿಂದೆಯೇ ಕಬ್ಬಿಣ ಕಡೆಯುವ ಎರಡು ಲೇತಿನ ಶೆಡ್ಡು. ನನ್ನ ಶೆಡ್ಡು ದಾವಣಗೆರೆಯ ಆನೆಕೊಂಡದ ಕಡೆ. ಅದರಲ್ಲಿ ಮೂರು ಲೇತು. ಒಂದು ಲೇತು ಹೆಚ್ಚೆಂಬುದನ್ನು ಓದುಗರಾದರೂ ಗಮನಿಸಬೇಕು, ಯಾಕೆಂದರೆ ನಮ್ಮ ಮನೆಯಲ್ಲಿ ಯಾರೂ ಗಮನಿಸಿಲ್ಲ. ಇಬ್ಬರೂ ಮಾಡುವುದು ಒಂದೇ ಮಾಲು: ಕಾರಿನ ಬಾಗಿಲಿನ ಕೀಲುಗಳಿಗೆ ಹಾಕುವ ಪಿನ್ನು. ನಮ್ಮ ಪಿನ್ನಿಲ್ಲದಿದ್ದರೆ ಬಾಗಿಲು ಕೈಗೇ ಬರುತ್ತದೆ. ಅಂಥ ಕಾರಿನಲ್ಲಿ ಕೂರುವ ಯೋಗ ಮಾತ್ರ ಅದುವರೆಗೆ ನನಗೆ ಬಂದಿರಲಿಲ್ಲ. ನಾವು ಬಣ್ಣದ ಟೀವಿ ತಂದ ವಾರವೇ ಕೊಟ್ರೇಶಿ ಫ್ರಿಜ್ಜು ತಂದ. ನಾನು ಸ್ಕೂಟರಿಗೆ ಹೊಸ ಸೀಟು ಹಾಕಿಸಿದಾಗ ಅವನು ಹೊಸ ಸ್ಕೂಟರನ್ನೇ ತಂದ. ಬೇಕೆಂದೇ ಮಾಡುತ್ತಾನೆಂದರೆ ಬೈಯಬಹುದಿತ್ತು. ಪಾಪ, ಅವನಿಗೆ ಗೊತ್ತೇ ಇರುವುದಿಲ್ಲ. ಹೊಟ್ಟೆ ಹೆಚ್ಚು ಉರಿಯುವುದು ಅದಕ್ಕೇ.

ಹೀಗಿರುವಾಗ ಕಾರಿನ ಕಂಪನಿಯಿಂದ ಇಬ್ಬರಿಗೂ ಒಂದು ಕಾಗದ ಬಂತು. ಕಾರು ಗಾಳಿ, ನೀರು ಕೆಡಿಸುವುದು ರಸ್ತೆಗಿಳಿದ ಮೇಲಷ್ಟೇ ಅಲ್ಲ, ಅದರ ಒಂದೊಂದು ಬಿಡಿಭಾಗ ಹುಟ್ಟುವ ಜಾಗದಿಂದಲೇ ಆ ಕೆಲಸ ಶುರುವಾಗುತ್ತದೆ. ಆದ್ದರಿಂದ ಮಾಲು ಕೊಡುವವರೆಲ್ಲ ತಮ್ಮ ಕಸ, ಎಣ್ಣೆ ಕಡಿಮೆ ಮಾಡಬೇಕು. ಮಂಗಳವಾರ ನೋಡಲು ಬರುತ್ತೇವೆ. ಸರಿ ಕಾಣದಿದ್ದರೆ ಆರ್ಡರು ನಿಲ್ಲುತ್ತದೆ. ಕಾಗದವನ್ನು ಎರಡು ಸಲ ಓದಿದೆ. ಮೂರು ಲೇತಿಗೂ ಆ ಪಿನ್ನೇ ಅನ್ನ.

"ಕೊಟ್ರೇಶಿನ್ನ ಕೇಳ್ರಿ, ಅವ್ನಿಗೆ ಗೊತ್ತಿರ್ತೈತೆ" ಎಂದಳು ಗೌರಮ್ಮ.

ಆ ಮಾತು ಬಂದ ಮೇಲೆ ನಾನು ಪ್ರಾಣ ಹೋದರೂ ಕೇಳುವವನಲ್ಲ. ನನ್ನದೇ ಉಪಾಯ ಮಾಡಿದೆ. ಲೇತಿನಿಂದ ಬಿದ್ದ ಎಣ್ಣೆಗಟ್ಟಿದ ಕಬ್ಬಿಣದ ಸುರುಳಿ, ಎಣ್ಣೆ ಒರೆಸಿ ಕರಿ ಹಿಡಿದ ಕಾಟನ್ ವೇಸ್ಟು, ಆರು ತಿಂಗಳಿಂದ ಹಿತ್ತಲಲ್ಲಿ ರಾಶಿ ಬಿದ್ದದ್ದನ್ನೆಲ್ಲ ಭಾನುವಾರ ಟೆಂಪೋಗೆ ತುಂಬಿಸಿ ಹರಿಹರಕ್ಕೆ ಸಾಗಿಸಿದೆ. "ಎರಡು ದಿನ ನಿನ್ನ ಅಂಗಳದಾಗೆ ಇಟ್ಕಾ ತಮ್ಮಾ, ಇಲ್ಲಿ ಜಾಗ ಇಲ್ಲ" ಎಂದು ಫೋನಿನಲ್ಲಿ ಹೇಳಿದೆ. "ಅದಕ್ಕೇನಣ್ಣ, ಕಳ್ಸು" ಎಂದ. ನನ್ನ ಶೆಡ್ಡು ಚೊಕ್ಕಟವಾಗುತ್ತದೆ, ಅವನ ಅಂಗಳ ಗಬ್ಬೇಳುತ್ತದೆ. ಒಪ್ಪಿಕೊಳ್ಳುತ್ತೇನೆ, ಎರಡನೆಯದನ್ನು ನೆನೆದೇ ಆ ರಾತ್ರಿ ನನಗೆ ಒಳ್ಳೆ ನಿದ್ದೆ ಬಂತು.

ಮಂಗಳವಾರ ನನ್ನ ಶೆಡ್ಡಿನಲ್ಲಿ ಆಯುಧಪೂಜೆಯ ಕಳೆ. ನೆಲ ತೊಳೆದು ರಂಗೋಲಿ ಹಾಕಿಸಿದ್ದೆ. ಮೂರು ಲೇತಿಗೂ ವಿಭೂತಿ ಬಳಿದು ಊದುಬತ್ತಿ ಹಚ್ಚಿದ್ದೆ. ಹಿತ್ತಲಲ್ಲಿ ಎಣ್ಣೆ ಕುಡಿದು ಕಪ್ಪಾಗಿದ್ದ ನೆಲದ ಮೇಲೆ ಸಾಲಾಗಿ ತುಳಸಿ ಕುಂಡ ಇಟ್ಟಿದ್ದೆ. ಕಂಪನಿಯಿಂದ ಬಂದವರು ಬೆಂಗಳೂರಿನ ಒಬ್ಬ ಎಂಜಿನಿಯರ್ ಮೇಡಂ. ಒಳಗೆ ಒಂದು ಸುತ್ತು ಹಾಕಿ, "ತುಂಬಾ ಚೆನ್ನಾಗಿದೆ ಸಾರ್. ಲೇತುಗಳು ಓಡ್ತವಲ್ಲಾ?" ಎಂದರು.

"ದಿನಾ ಓಡ್ತಾವ್ರಿ ಮೇಡಂ!"

"ಹಾಗಾದ್ರೆ ಕಬ್ಬಿಣದ ಸುರುಳಿ ಬೀಳ್ಬೇಕಲ್ಲ. ಎಲ್ಲಿದೆ?"

"ನಮ್ ಕಡೆ ಬೀಳಂಗಿಲ್ರಿ" ಎಂದುಬಿಟ್ಟೆ. ಮೂವತ್ತು ವರ್ಷ ಲೇತು ತಿರುಗಿಸಿದ ಬಾಯಿಂದ ಬಂದ ಮಾತು ಅದು. ಮೇಡಂ ಹಿತ್ತಲಿಗೆ ಹೋಗಿ ಒಂದು ತುಳಸಿ ಕುಂಡ ಎತ್ತಿ ನೋಡಿದರು, ಮೆಲ್ಲಗೆ ಇಳಿಸಿದರು. "ಮುಂದೆ ಹರಿಹರದ ಕೊಟ್ರೇಶಿ ಅವರ ಶೆಡ್ಡು. ಗೊತ್ತಿದ್ರೆ ದಾರಿ ತೋರಿಸ್ತೀರಾ?" ಎಂದರು. ನಾನು ಸಡಗರದಿಂದ ಅವರ ಕಾರು ಹತ್ತಿದೆ. ಮುಳುಗುವುದಾದರೆ ಜೋಡಿಯಾಗಿ ಮುಳುಗೋಣ ಎಂಬ ಧೈರ್ಯ.

ಕೊಟ್ರೇಶಿಯ ಅಂಗಳದಲ್ಲಿ ಗಬ್ಬಿರಲಿಲ್ಲ. ತಳಕ್ಕೆ ತೂತು ಹೊಡೆದ ತಗಡಿನ ಡಬ್ಬಗಳಲ್ಲಿ ನನ್ನ ಸುರುಳಿ ಕೂತಿತ್ತು. ಕೆಳಗಿನ ಬೋಗುಣಿಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸೋಸಿದ ಎಣ್ಣೆ ಮತ್ತೆ ಲೇತಿಗೆ, ಒಣಗಿದ ಸುರುಳಿ ಕರಗಿಸಲು ಫೌಂಡ್ರಿಗೆ, ಕಾಟನ್ ವೇಸ್ಟಿನ ಬದಲು ಒಗೆದು ಒಗೆದು ಬಳಸುವ ಹಳೆ ಪಂಚೆಯ ತುಂಡು. ಒಂದು ಹನಿಯೂ ಊರ ಪಕ್ಕದ ಹೊಳೆಯ ಕಡೆ ಹರಿಯುವಂತಿರಲಿಲ್ಲ. ಗಂಡ ಹೆಂಡತಿ ಸೋಮವಾರವಿಡೀ ಕೂತು ನನ್ನ ಆರು ತಿಂಗಳ ಪಾಪವನ್ನು ಬೇರೆ ಬೇರೆ ಮಾಡಿದ್ದರು. ಒಂದೊಂದು ಡಬ್ಬದ ಮೇಲೂ ಸೀಮೆಸುಣ್ಣದಲ್ಲಿ ಬರೆದಿತ್ತು: ‘ಅಣ್ಣನ ಶೆಡ್ಡಿಂದು.’

"ಅಣ್ಣ ಯಾರು?" ಎಂದರು ಮೇಡಂ.

"ಇವ್ರೇರಿ ಮೇಡಂ! ನಮ್ ಷಡ್ಡಕರು" ಎಂದು ಕೊಟ್ರೇಶಿ ನನ್ನ ಭುಜ ಹಿಡಿದು ಮುಂದೆ ತಂದ. "ಅವ್ರ ಎಣ್ಣೆ ಅವ್ರಿಗೇ ವಾಪಸ್ ಕೊಡ್ಬೇಕಲ್ರಿ, ಬೆರೀಬಾರ್ದು ಅಂತ ಬರ್ದೀನಿ."

ನೆಲ ಬಾಯಿ ಬಿಡಲೆಂದು ಕಾಯ್ದೆ; ಹರಿಹರದ ನೆಲ ಗಟ್ಟಿ. ಮೇಡಂ ನನ್ನನ್ನೂ ಡಬ್ಬಗಳನ್ನೂ ನೋಡಿ, ನಗು ತಡೆದುಕೊಂಡು ತೀರ್ಪು ಕೊಟ್ಟರು. ಕೊಟ್ರೇಶಿಯ ಆರ್ಡರು ಮುಂದುವರಿಯುತ್ತದೆ. ನನ್ನದೂ ನಿಲ್ಲುವುದಿಲ್ಲ, ಆದರೆ ಮೂರು ತಿಂಗಳು ನಾನು ವಾರಕ್ಕೊಮ್ಮೆ ಎಷ್ಟು ಎಣ್ಣೆ ಸೋಸಿದೆನೆಂದು ಬರೆದು, ಅದಕ್ಕೆ ಕೊಟ್ರೇಶಿಯ ಸಹಿ ಹಾಕಿಸಿ ಕಳಿಸಬೇಕು.

ಅನ್ನ ಉಳಿಯಿತು. ಮಾನದ ವಿಷಯ ಬೇಡ. ಆದರೆ ಹೊಟ್ಟೆಕಿಚ್ಚಿನಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿಲ್ಲ. ನಾನೂ ಡಬ್ಬಕ್ಕೆ ತೂತು ಹೊಡೆದೆ, ನನ್ನ ಪಂಚೆಗಳನ್ನೆಲ್ಲ ಹರಿದೆ. ಮೂರನೆಯ ವಾರ ಎಣ್ಣೆ ಅಳೆದು ಕುಣಿಯುವುದೊಂದು ಬಾಕಿ.

"ನೋಡೇ ಗೌರಿ, ಕೊಟ್ರೇಶಿ ಸೋಸಿದ್ದರ ಎರಡರಷ್ಟು ಸೋಸೀನಿ!"

ಗೌರಮ್ಮ ಅವರೆಕಾಳು ಸುಲಿಯುತ್ತಲೇ ಕೇಳಿದಳು: "ಅಂದ್ರೆ ಅವ್ನಿಗಿಂತ ಎರಡರಷ್ಟು ಚೆಲ್ಲೀರಿ ಅಂತಲ್ಲೇನ್ರಿ?"

ನಾನು ಲೆಕ್ಕದ ವಹಿ ಹಿಡಿದು ಸಹಿ ಹಾಕಿಸಲು ಹರಿಹರದ ಬಸ್ಸು ಹತ್ತಿದೆ. ಈ ಲೆಕ್ಕ ಕೊಟ್ರೇಶಿಗೆ ಹೊಳೆಯದಿರಲಪ್ಪ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಅವನು ವಹಿ ನೋಡಿದ, ನನ್ನ ಮುಖ ನೋಡಿ ನಗು ನುಂಗಿದ, "ಭಾಳ ಚಲೋ ಮಾಡೀಯಣ್ಣ" ಎಂದು ಸಹಿ ಹಾಕಿದ. ಹೊಳೆದಿತ್ತು. ಹೊಳೆದೂ ಹೇಳಲಿಲ್ಲ. ಇನ್ನು ಅದನ್ನೊಂದು ಹೊಟ್ಟೆಯಲ್ಲಿಟ್ಟುಕೊಂಡು ನಾನು ಎಷ್ಟು ವರ್ಷ ಉರಿಯಬೇಕೋ!