ಎದುರು ಪಕ್ಷ ಹಾಜರಿಲ್ಲ

ನನ್ನ ಅತ್ತೆಯ ಹತ್ತಿರ ಕೂತು, ಇನ್ನೊಬ್ಬರ ಮೇಲೆ ಹತ್ತು ನಿಮಿಷ ಚಾಡಿ ಹೇಳಿ, ನೆಮ್ಮದಿಯಾಗಿ ಎದ್ದುಬಂದ ಮನುಷ್ಯರು ಯಾರಾದರೂ ಇದ್ದರೆ ನನಗೆ ತೋರಿಸಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಅಷ್ಟೂ ಟ್ರೋಫಿಗಳನ್ನು ಅವರ ಮನೆಗೆ ಕಳಿಸಿಕೊಡುತ್ತೇನೆ. ಉದಾರಿ ಎಂದುಕೊಳ್ಳಬೇಡಿ. ಟ್ರೋಫಿಗಳು ಶೆಲ್ಫು ಬಿಟ್ಟು ಅಲ್ಲಾಡುವುದಿಲ್ಲ ಎಂಬ ಧೈರ್ಯದಿಂದಲೇ ಹೇಳುತ್ತಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ, ಉಡುಪಿಯವರು. ಅಬುಧಾಬಿಯಲ್ಲಿ ಒಂದು ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯವನ್ನು ನಡೆಸುತ್ತಾರೆ. ಒಂದು ದೇಶದ ಕಂಪನಿ ಇನ್ನೊಂದು ದೇಶದಲ್ಲಿ ಕಟ್ಟುತ್ತೇನೆಂದ ಕಟ್ಟಡವನ್ನು ಕಟ್ಟದೆ, ತಪ್ಪನ್ನು ಮೂರನೇ ದೇಶದ ಬ್ಯಾಂಕಿನ ತಲೆಗೆ ಕಟ್ಟಿದಾಗ, ಎಲ್ಲರೂ ಮರ್ಯಾದೆಯಿಂದ ಜಗಳವಾಡಲು ನಾಲ್ಕನೆಯ ಜಾಗವೊಂದು ಬೇಕಲ್ಲ? ಅದು ಈ ನ್ಯಾಯಾಲಯ. ತೀರ್ಪು ಕೊಡುವವರು ಹಲವು ದೇಶಗಳಿಂದ ವಿಮಾನದಲ್ಲಿ ಬರುವ ಬಿಳಿಗೂದಲಿನ ನ್ಯಾಯಾಧೀಶರು. ಆ ನ್ಯಾಯಾಧೀಶರು ಯಾವ ದಿನ, ಯಾವ ಕೋಣೆಯಲ್ಲಿ, ಎಷ್ಟು ಹೊತ್ತು ಕೂರಬೇಕು ಎಂದು ಹೇಳುವವರು ಅತ್ತೆ. ಇದರಲ್ಲಿ ದೊಡ್ಡವರು ಯಾರು ಎಂಬುದನ್ನು ನೀವೇ ತೀರ್ಮಾನಿಸಿ.

ಮಂಗಳೂರಿನಲ್ಲಿ ಕಾನೂನು ಓದಿ, ಮುಂಬಯಿಯಲ್ಲಿ ಹಡಗುಗಳ ವ್ಯಾಜ್ಯಕ್ಕೆ ಬಿದ್ದು, ಅಲ್ಲಿಂದ ದುಬೈಯ ಒಂದು ಹಡಗು ಕಂಪನಿಗೆ ಬಂದು, ಆಮೇಲೆ ಈ ನ್ಯಾಯಾಲಯದ ಕಡತಗಳಿಗೆ ಪುಟಸಂಖ್ಯೆ ಹಾಕುವ ಕೆಲಸಕ್ಕೆ ಸೇರಿದವರು ಅವರು. ಇಡೀ ಕೋರ್ಟು ಅವರ ಕೈಗೆ ಬಂದಾಗ ಊರಿನಲ್ಲಿ ಪೇಪರಿಗೆ ಫೋಟೋ ಕೊಟ್ಟವರು ನನ್ನಪ್ಪ. ಫೋಟೋದಲ್ಲಿ ಅತ್ತೆಗಿಂತ ಅಪ್ಪನೇ ದೊಡ್ಡದಾಗಿ ಕಾಣುತ್ತಿದ್ದರು.

ಅತ್ತೆಯ ಧರ್ಮಕ್ಕೆ ಒಂದೇ ಸೂತ್ರ. ಒಂದು ಪಕ್ಷದ ಮಾತನ್ನು ಇನ್ನೊಂದು ಪಕ್ಷದ ಬೆನ್ನ ಹಿಂದೆ ಕೇಳುವಂತಿಲ್ಲ. ನ್ಯಾಯಾಲಯಗಳಿಗೆ ಇದು ನಿಯಮ. ಆದರೆ ಕಚೇರಿ ಮುಗಿದ ಮೇಲೆ ಇದನ್ನು ಕೋಟಿನ ಜೊತೆ ಕಳಚಿಡಬೇಕು ಎಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅತ್ತೆಗೆ ಮದುವೆಯಾಗಿಲ್ಲ. ಕಾರಣ ಕೇಳಿದರೆ, "ಎದುರು ಪಕ್ಷ ಹಾಜರಾಗ್ಲಿಲ್ಲ" ಎನ್ನುತ್ತಾರೆ.

ಒಮ್ಮೆ ದೊಡ್ಡಮ್ಮ ಊರಿನಿಂದ ಅವರಿಗೆ ಫೋನ್ ಮಾಡಿ, ನನ್ನ ಅಮ್ಮನ ಮೇಲೆ ದೂರು ಶುರುಮಾಡಿದರಂತೆ. ಒಂದು ವಾಕ್ಯ ಮುಗಿದಿರಲಿಲ್ಲ.

"ಒಂದ್ನಿಮಿಷ ಅತ್ತಿಗೆ, ಅವಳನ್ನೂ ಲೈನಿಗೆ ತಗೊಳ್ತೇನೆ."

ನಮ್ಮ ಮನೆಯ ಅಡುಗೆಮನೆಯಲ್ಲಿ ಅಮ್ಮನ ಫೋನ್ ಬಡಿದುಕೊಂಡಿತು. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದವಳು ನಾನೇ.

"ನೋಡಿ, ಈಗ ಇಬ್ಬರೂ ಇದ್ದೀರಿ. ದೊಡ್ಡತ್ತಿಗೆ, ನೀವು ಮೊದಲಿಂದ ಹೇಳಿ. ಅವಳು ಮಧ್ಯ ಬಾಯಿ ಹಾಕುದಿಲ್ಲ."

ಅತ್ತ ಕಡೆ ಒಂದು ಕೆಮ್ಮು. ಆಮೇಲೆ ದೊಡ್ಡಮ್ಮನ ಸಣ್ಣ ದನಿ: "ಎಂತ ಇಲ್ಲ ಮಾರಾಯ್ತಿ... ಹಲಸಿನ ಹಪ್ಪಳ ಸ್ವಲ್ಪ ಕಳಿಸ್ಲಾ ಅಂತ."

"ಹಪ್ಪಳವಾ? ನೀವಾ? ನಮಗಾ?" ಎಂದರು ಅಮ್ಮ. ಮೂರು ಪ್ರಶ್ನೆ, ಮೂರೂ ಮರ್ಮಕ್ಕೆ. ಬೆನ್ನ ಹಿಂದೆ ಒಂದು ಸಂಜೆಯಲ್ಲಿ ಮುಗಿಯಬಹುದಾಗಿದ್ದ ಜಗಳ ಮುಖಾಮುಖಿಯಾಗಿ ಎರಡು ವರ್ಷ ನಡೆಯಿತು. ಅಂದಿನಿಂದ ಬಂಧುಗಳು ಅತ್ತೆಗೆ ಹಬ್ಬದ ದಿನ ಮಾತ್ರ ಫೋನ್ ಮಾಡುತ್ತಾರೆ. ಹಬ್ಬದ ಬಗ್ಗೆ ಮಾತ್ರ ಮಾತಾಡುತ್ತಾರೆ.

ಇದನ್ನೆಲ್ಲ ದೂರದಿಂದ ನೋಡಿ ನಗುತ್ತಿದ್ದವಳು ನಾನು. ಎಲ್ಲಿಯವರೆಗೆ? ಕಾನೂನು ಪದವಿ ಮುಗಿಸಿ, ಅರವತ್ತು ದಿನದ ವಿಸಿಟ್ ವೀಸಾ ಹಿಡಿದು, ಅಬುಧಾಬಿಯ ಖಲೀಫಾ ಸಿಟಿಯ ಅವರ ಮನೆಗೆ ಸೂಟ್‌ಕೇಸ್ ಎಳೆದುಕೊಂಡು ಬರುವವರೆಗೆ! ಅರವತ್ತು ದಿನದೊಳಗೆ ಕೆಲಸ ಸಿಕ್ಕರೆ ಇಲ್ಲಿ. ಸಿಗದಿದ್ದರೆ ಊರಿಗೆ, "ನಾನು ಆಗಲೇ ಹೇಳಿದ್ದೆ" ಎನ್ನಲು ಗಂಟಲು ಸರಿಮಾಡಿಕೊಂಡು ಕೂತಿರುವ ಅಪ್ಪನ ಎದುರಿಗೆ.

ಹತ್ತನೆಯ ದಿನಕ್ಕೆ ನಾನು ವಾಸ್ತವವಾದಿಯಾದೆ.

"ಅತ್ತೆ, ನನಗೆ ಐದು ನಿಮಿಷ ಬೇಕು."

"ವಿಷಯ?"

"ನೀವು ಒಂದು ಫೋನ್ ಮಾಡ್ಬೇಕು."

"ಹದಿನೈದು ತಗೋ. ಐದರಲ್ಲಿ ಅದು ಮುಗಿಯುದಿಲ್ಲ."

ನಾನು ಎದ್ದು ನಿಂತು ಮಂಡಿಸಿದೆ. ಒಂದು: ಇಲ್ಲಿನ ವಕೀಲರ ಕಚೇರಿಗಳಲ್ಲಿ ಅರ್ಧಕ್ಕರ್ಧ ನಿಮ್ಮ ಕೋರ್ಟಿಗೆ ಬರುವಂಥವು. ಎರಡು: ನನಗೆ ಯೋಗ್ಯತೆ ಇದೆ, ಇರುವ ಯೋಗ್ಯತೆಯನ್ನು ತಿಳಿಸುವುದು ವಶೀಲಿಯಲ್ಲ, ಮಾಹಿತಿ. ಮೂರು: ಇಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ಮೂರನೆಯದು ಪೊಳ್ಳು ಎಂದು ಹೇಳುವಾಗಲೇ ಗೊತ್ತಾಯಿತು. ಆದರೆ ಮೂರು ಅಂಶಗಳಿಲ್ಲದೆ ಎದ್ದು ನಿಂತು ನನಗೆ ಅಭ್ಯಾಸವಿಲ್ಲ.

ಅತ್ತೆ ಪೂರ್ತಿ ಕೇಳಿದರು. ಕನ್ನಡಕ ತೆಗೆದರು. "ಎದುರು ಪಕ್ಷ ಯಾರು?"

"ಇದರಲ್ಲಿ ಎಂತ ಎದುರು ಪಕ್ಷ? ನಾನು, ನೀವು, ಒಂದು ಫೋನು."

"ಉಂಟು. ಅದೇ ಕೆಲಸಕ್ಕೆ ಅರ್ಜಿ ಹಾಕಿದ ಬೇರೆ ಮಕ್ಕಳು. ಅವರನ್ನು ಕರ್ಕೊಂಡು ಬಾ. ಅವರ ಎದುರು ಫೋನ್ ಮಾಡ್ತೇನೆ."

ಇದು ತುಳುವಿನಲ್ಲಿ ನಡೆದ ಸಂಭಾಷಣೆ. ಕನ್ನಡಕ್ಕೆ ಬರುವಾಗ ಖಾರ ಅರ್ಧ ಕಮ್ಮಿಯಾಗಿದೆ, ಕ್ಷಮಿಸಿ.

ಫೋನ್ ಮಾಡದಿದ್ದರೆ ಹೋಗಲಿ, ಸುಮ್ಮನಾದರೂ ಇರಬಾರದೇ? ದುಬೈಯ ದೊಡ್ಡ ಕಚೇರಿಯೊಂದು ನನ್ನನ್ನು ಸಂದರ್ಶನಕ್ಕೆ ಕರೆದದ್ದು ತಿಳಿದ ಕೂಡಲೇ ಅತ್ತೆ ಅವರಿಗೆ ಪತ್ರ ಬರೆದರು. "ಈ ಅರ್ಜಿದಾರಳು ನನ್ನ ಅಣ್ಣನ ಮಗಳು. ಈ ಸಂಗತಿಯನ್ನು ನೀವು ಯಾವ ರೀತಿಯಲ್ಲೂ ಗಣನೆಗೆ ತೆಗೆದುಕೊಳ್ಳಬಾರದೆಂದು ತಿಳಿಸಲು ಈ ಪತ್ರ." ಪಾಪ, ಆ ಕಚೇರಿಯವರು ಇದನ್ನು ಶಿಫಾರಸು ಎಂದು ಓದಬೇಕೋ ಬೆದರಿಕೆ ಎಂದು ಓದಬೇಕೋ? ನನ್ನನ್ನು ತೆಗೆದುಕೊಂಡರೂ ಕಷ್ಟ, ಬಿಟ್ಟರೂ ಕಷ್ಟ. ಮೂರನೆಯ ದಾರಿ ಹಿಡಿದು ಆ ಹುದ್ದೆಯನ್ನೇ ರದ್ದು ಮಾಡಿದರು!

ಆ ವಾರಾಂತ್ಯ ನನ್ನ ಸಿಟ್ಟು ಇಳಿಸಲು ಅತ್ತೆ ಅಲ್ ಮೀನಾದ ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋದರು. ಮೊದಲ ಕಟ್ಟೆಯವನು ದನಿ ತಗ್ಗಿಸಿ, "ಮೇಡಂ, ಪಕ್ಕದವನ ಅಂಜಲ್ ನಿನ್ನೇದು, ತಗೋಬೇಡಿ" ಎಂದ. ಬೇರೆ ಯಾರಾದರೂ ಆಗಿದ್ದರೆ ಕಣ್ಣಲ್ಲೇ ಥ್ಯಾಂಕ್ಸ್ ಹೇಳಿ ಮುಂದೆ ಹೋಗುತ್ತಿದ್ದರು. ಅತ್ತೆ ಪಕ್ಕದವನನ್ನು ಕರೆದರು. "ಇವರು ಹೀಗೆ ಹೇಳ್ತಾರೆ. ನಿಮ್ಮ ಉತ್ತರ ಎಂತ?" ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಅತ್ತೆಯ ಮುಖ ನೋಡಿದರು. ಮಾತು ಬಿಟ್ಟು ವರ್ಷಗಳಾಗಿದ್ದ ಆ ಇಬ್ಬರು ಅತ್ತೆಯನ್ನು ಸಾಗಹಾಕುವ ಒಂದು ವಿಷಯದಲ್ಲಿ ತಕ್ಷಣ ಒಂದಾದರು. "ಯಲ್ಲಾ ಮೇಡಂ, ಖಲಾಸ್! ಎರಡೂ ಮೀನು ತಾಜಾ!" ನಾವು ಇಬ್ಬರ ಹತ್ತಿರವೂ ಒಂದೊಂದು ಮೀನು ಕೊಂಡೆವು. ಒಂದು ನಿನ್ನೆಯದೇ ಆಗಿತ್ತು. ಅದು ಯಾರದು ಎಂದು ಹೇಳಲು ಅತ್ತೆ ಇವತ್ತಿಗೂ ಒಪ್ಪುವುದಿಲ್ಲ.

ದಿನ ನಲವತ್ತಾರು. ದುಬೈಯ ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿ, ಲಿಫ್ಟುಗಳಿಗೆ ಸಾಫ್ಟ್‌ವೇರ್ ಮಾಡುವಂಥದ್ದು, ತನ್ನ ಕರಾರುಪತ್ರಗಳನ್ನು ನೋಡಿಕೊಳ್ಳಲು ಒಬ್ಬರನ್ನು ಹುಡುಕುತ್ತಿತ್ತು. ಅತ್ತೆಯ ಕೋರ್ಟಿಗೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ ಪತ್ರದ ಭಯವಿಲ್ಲ. ಕೊನೆಯ ಸುತ್ತಿಗೆ ಉಳಿದವರು ಇಬ್ಬರೇ: ನಾನು, ಮತ್ತು ರಿಸೆಪ್ಷನ್‌ನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡು, "ನೀವು ಕನ್ನಡದಾವ್ರೇನ್ರೀ?" ಎಂದಳು. ಹುಬ್ಬಳ್ಳಿ ಕಡೆಯವಳು. ಅವಳಪ್ಪ ಅಬುಧಾಬಿಯಲ್ಲಿ ಏಸಿ ಮೆಕ್ಯಾನಿಕ್.

ಆ ಕ್ಷಣ ನನ್ನ ತಲೆಯಲ್ಲಿ ಒಂದು ದುಷ್ಟ ಬಲ್ಬು ಉರಿಯಿತು. ಎದುರು ಪಕ್ಷವನ್ನು ಕರೆದುಕೊಂಡು ಬಾ ಎಂದಿದ್ದರಲ್ಲವೇ? ತಗೊಳ್ಳಿ ಅತ್ತೆ, ಸಾಕ್ಷಾತ್ ಎದುರು ಪಕ್ಷ! ಶನಿವಾರ ಮಧ್ಯಾಹ್ನದ ಊಟಕ್ಕೆ ಅವಳನ್ನು ಕರೆದೆ. ಯಾಕೆಂದು ಮುಚ್ಚಿಡದೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕು, "ನಿಮ್ಮತ್ತಿನ್ನ ಒಮ್ಮಿ ನೋಡಾಕ ಬೇಕ್ರೀ" ಎಂದಳು.

ಅತ್ತೆ ನೀರುದೋಸೆ ಮಾಡಿದ್ದರು, ಬಂಗುಡೆ ಪುಳಿಮುಂಚಿ ಮಾಡಿದ್ದರು. ಹುಡುಗಿ ಮೀನು ತಿನ್ನುವುದಿಲ್ಲ. ಅತ್ತೆ ಅವಳಿಗೆ ಟೊಮೆಟೊ ಸಾರು ಬಡಿಸಿದರು, ಆಮೇಲೆ ನನ್ನ ತಟ್ಟೆಯಿಂದ ಬಂಗುಡೆಯನ್ನು ಎತ್ತಿ ವಾಪಸು ಪಾತ್ರೆಗೆ ಹಾಕಿದರು.

"ಅತ್ತೇ!"

"ಅವಳಿಗಿಲ್ಲದ್ದು ನಿನಗೂ ಇಲ್ಲ. ಈಗ ವಿಚಾರಣೆ."

"ತಿನ್ನಲಿ ಬಿಡ್ರೀ ಅಕ್ಕಾರ, ನಂದೇನ್ ಅಭ್ಯಂತರ ಇಲ್ಲ" ಎಂದಳು ಅವಳು. ಅತ್ತೆ ಅದನ್ನು ತಳ್ಳಿಹಾಕಿದರು.

ತಲಾ ಹದಿನೈದು ನಿಮಿಷ. ನಾನು ಹದಿನೈದನ್ನೂ ಬಳಸಿಕೊಂಡೆ: ರ‍್ಯಾಂಕು, ಟ್ರೋಫಿ, ತರ್ಕ. ಅವಳು ಎರಡು ನಿಮಿಷದಲ್ಲಿ ಮುಗಿಸಿದಳು.

"ಅಪ್ಪಾರ ಕೆಲಸ ಮುಗೀತ್ರೀ. ಅವರ ವೀಸಾದ ಮ್ಯಾಲ ನಾವೆಲ್ಲಾರೂ ಇದ್ದೀವಿ. ಕೆಲಸ ಸಿಕ್ರ ನಾ ಇರ್ತೀನಿ, ಇಲ್ಲಂದ್ರ ಮುಂದಿನ ತಿಂಗಳ ಎಲ್ಲಾರ ಜೋಡಿ ಹುಬ್ಬಳ್ಳಿಗೆ. ಎಲ್ಲಾರೂ 'ವಾಪಸ್ ಹೊಂಟೀಯೇನು' ಅಂತ ಕೇಳ್ತಾರ. ನಾ ಹುಟ್ಟಿದ್ದ ಇಲ್ಲಿ ನೋಡ್ರೀ. ಹೋಗದ ಇದ್ದ ಊರಿಗೆ ವಾಪಸ್ ಹೆಂಗ ಹೋಗೂದು?"

ಖಂಡನೆಗೆ ನನಗೆ ಎರಡು ನಿಮಿಷ ಇತ್ತು. ನಾನು ಬಳಸಲಿಲ್ಲ. ಚರ್ಚೆಯ ದೃಷ್ಟಿಯಿಂದ ಅವಳ ವಾದದಲ್ಲಿ ದೋಷಗಳಿದ್ದವು: ಅವಳ ಅಗತ್ಯ ಕಂಪನಿಯ ಅಗತ್ಯವಲ್ಲ, ಇತ್ಯಾದಿ. ಆ ಎರಡು ನಿಮಿಷದಲ್ಲಿ ಅವಳ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದೆ, ಅಷ್ಟೆ.

ಅತ್ತೆ ಆದೇಶ ಹೇಳಿದರು. "ಇಬ್ಬರನ್ನೂ ಕೇಳಿದ್ದೇನೆ. ಒಬ್ಬಳು ನನ್ನ ಅಣ್ಣನ ಮಗಳು, ಹಾಗಾಗಿ ತೀರ್ಮಾನ ನನ್ನದಲ್ಲ. ಫೋನ್ ಯಾರ ಪರವಾಗಿಯೂ ಇಲ್ಲ. ಆದ್ರೆ ಇಬ್ಬರಿಗೂ ತಯಾರಿ ಮಾಡಿಸ್ತೇನೆ. ಒಟ್ಟಿಗೆ. ಒಬ್ಬಳಿಗೆ ಹೇಳಿದ್ದು ಇನ್ನೊಬ್ಬಳ ಕಿವಿಗೂ ಬೀಳ್ಬೇಕು."

ಸಂಜೆಯವರೆಗೆ ಊಟದ ಮೇಜಿನ ಮೇಲೆ ಕರಾರುಪತ್ರ ಹರಡಿ ನಮ್ಮನ್ನು ಅರೆದರು. ಅವಳಿಗೆ ಹೇಳಿದರು: "ನೀನು ಕೊನೇ ವಾಕ್ಯ ನುಂಗ್ತಿ. ನಿನ್ನ ಜೀವ ಇರುದು ಆ ವಾಕ್ಯದಲ್ಲಿ." ನನಗೆ ಹೇಳಿದರು: "ನೀನು ಪ್ರಶ್ನೆ ಮುಗಿಯುವ ಮೊದಲು ಉತ್ತರ ಕೊಡ್ತಿ. ಅವರು ಎಂತ ಕೇಳಿದ್ರು ಅಂತ ನಿನಗೆ ಗೊತ್ತೇ ಇರುದಿಲ್ಲ." ಅವಳು ತಲೆಯಾಡಿಸಿ ಬರೆದುಕೊಂಡಳು. ನಾನು, "ಅದು ಹಾಗಲ್ಲ ಅತ್ತೆ" ಎಂದು ಅವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟೆ.

ಮುಂದಿನ ವಾರ ಇಬ್ಬರೂ ಕೊನೆಯ ಸುತ್ತಿನ ಸಂದರ್ಶನಕ್ಕೆ ಹೋಗಿಬಂದೆವು. ದಿನ ಐವತ್ತೇಳು, ಬೆಳಗ್ಗೆ ಹನ್ನೊಂದಕ್ಕೆ ಇಮೇಲ್ ಬಂತು. ಎರಡೇ ಸಾಲು. ಅವರು ಬೇರೆಯವರನ್ನು ಆರಿಸಿಕೊಂಡಿದ್ದರು. ಬೇರೆಯವರು ಯಾರು ಎಂದು ಊಹಿಸಲು ಟ್ರೋಫಿ ಬೇಕಾಗಿರಲಿಲ್ಲ. ನಾನು ಅತ್ತೆಗೆ "ಸಿಗಲಿಲ್ಲ" ಎಂದು ಒಂದು ಮೆಸೇಜು ಹಾಕಿ, ಮಂಚದ ಮೇಲೆ ಸೂಟ್‌ಕೇಸ್ ತೆರೆದಿಟ್ಟೆ. ಅಂದು ಅವರ ಕೋರ್ಟಿನಲ್ಲಿ ಮೂರು ದೇಶಗಳ ವಕೀಲರು ಬಂದಿಳಿದಿದ್ದರು. ವಾರದಿಂದ ಮನೆಯಲ್ಲಿ ಅದೇ ಮಾತು. ಹಾಗಾಗಿ ಮಧ್ಯಾಹ್ನ ಬಾಗಿಲು ತೆರೆದ ಸದ್ದಾದಾಗ ಕೆಲಸದವಳು ಎಂದುಕೊಂಡೆ.

ಅತ್ತೆ. ಕಚೇರಿಯ ಕೋಟು, ಕಾಲಲ್ಲಿ ಶೂ. ಮನೆಯೊಳಗೆ ಶೂ ಹಾಕಿ ಬಂದವರನ್ನು ಅವರು ಬದುಕಲು ಬಿಟ್ಟದ್ದಿಲ್ಲ. ಸೀದಾ ಬಂದು ಮಂಚದ ತುದಿಯಲ್ಲಿ, ಸೂಟ್‌ಕೇಸಿನ ಪಕ್ಕ ಕೂತರು.

ಅವರು ಬಾಯಿ ತೆರೆಯುವ ಮೊದಲೇ ನಾನು ಶುರುಮಾಡಿದೆ. ನ್ಯಾಯವಾಗಿ ಮಾತಾಡಬೇಕಲ್ಲ! "ಅತ್ತೆ, ಅವಳಿಗೇ ಸಿಗ್ಬೇಕಿತ್ತು. ಒಂದು, ಅವಳಿಗೆ ನನಗಿಂತ ಜಾಸ್ತಿ ಅಗತ್ಯ ಇತ್ತು. ಎರಡು, ಅವಳು ಪ್ರಶ್ನೆ ಸರಿಯಾಗಿ ಕೇಳಿಸಿಕೊಳ್ತಾಳೆ. ಮೂರು..."

"ಅವಳದ್ದು ಅವಳು ಹೇಳಿಯಾಯ್ತು," ಎಂದರು ಅತ್ತೆ. "ನೀನು ನಿನ್ನದು ಹೇಳು."

ನಾನು ಬಾಯಿ ತೆರೆದೆ. ನನ್ನ ಪಕ್ಷವನ್ನು ಹೇಳಬೇಕಿತ್ತು. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತು ಎಂದು, ಅಪ್ಪನ ಮುಖ ನೋಡುವುದು ಹೇಗೆಂದು. ಬಂದದ್ದು ಬರೀ ಅಳು, ಅದೂ ಮೂಗಿನಿಂದ, ಒಂದಿಷ್ಟೂ ಗಾಂಭೀರ್ಯವಿಲ್ಲದ್ದು.

ಅತ್ತೆ ಸೂಟ್‌ಕೇಸನ್ನು ಆಚೆ ಸರಿಸಿ ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡರು. ಅವರ ಬ್ಯಾಗಿನಲ್ಲಿ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

"ಕೋರ್ಟಿಂದ ಇರ್ಬೇಕು," ಎಂದೆ ನಾನು, ಮೂಗು ಎಳೆಯುತ್ತಾ.

"ಇರ್ಲಿ. ಕಾಯ್ತಾರೆ," ಎಂದರು ಅತ್ತೆ. "ನಿನ್ನದು ಮುಗೀಲಿಲ್ಲ ಅಲ್ವಾ ಇನ್ನೂ."