ಮಣ್ಣಿನ ಅತ್ತೆ

ತಮಗೆ ಸಿಟ್ಟೇ ಬರುವುದಿಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಮುಂಬಯಿಯಲ್ಲಿ ಸಂಸಾರ ಮಾಡಿರಲಿಕ್ಕಿಲ್ಲ. ನನ್ನ ಹೆಸರು ಸುಶೀಲಾ. ಹೆಸರಿಟ್ಟವರ ತಪ್ಪಲ್ಲ, ಆಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಮದುವೆಯಾಗಿ ಧಾರವಾಡದಿಂದ ಚೆಂಬೂರಿಗೆ ಬಂದ ಮೇಲೆ ನಳ ಬಾರದ ದಿನ ಒಂದು ಸಿಟ್ಟು, ಬಂದ ದಿನ ಪಕ್ಕದ ಮನೆಯವರು ಮೊದಲು ತುಂಬಿಕೊಂಡರೆಂದು ಇನ್ನೊಂದು ಸಿಟ್ಟು. ಫೋರ್ಟಿನ ಒಂದು ಆಫೀಸಿನಲ್ಲಿ ನಾನು ಟೈಪಿಸ್ಟ್. ಸಾಹೇಬರ ಸಿಟ್ಟನ್ನು ದಿನವೂ ಕಾರ್ಬನ್ ಹಾಕಿ ಪ್ರತಿ ತೆಗೆಯುವುದು ನನ್ನ ಕೆಲಸ. ನನ್ನ ಸಿಟ್ಟಿಗೆ ಟೈಪಿಸ್ಟ್ ಇರಲಿಲ್ಲ. ಮಣ್ಣು ಕಲಸುತ್ತ ಕೂತರೆ ತಲೆ ತಣ್ಣಗಾಗುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಹೇಳಿದವರು ಯಾರೆಂದು ಈಗ ನೆನಪಿಲ್ಲ, ನೆನಪಿದ್ದರೆ ಅವರ ಮೇಲೂ ಸಿಟ್ಟು ಬರುತ್ತಿತ್ತು.

ಬೈಕುಲ್ಲಾದ ಒಂದು ಗೋದಾಮಿನ ಹಿಂದೆ, ತಗಡಿನ ಶೆಡ್ಡಿನಲ್ಲಿ, ಮಣ್ಣಿನ ಮೂರ್ತಿ ಮಾಡಲು ಕಲಿಸುವ ಕ್ಲಾಸಿತ್ತು. ಶನಿವಾರ ಆಫೀಸು ಅರ್ಧ ದಿನ, ಮಧ್ಯಾಹ್ನ ಅಲ್ಲಿಗೆ ಹೋಗತೊಡಗಿದೆ. ಮಾಸ್ತರರು ಮರಾಠಿಯವರು, ತುಂಬ ಮರ್ಯಾದಸ್ಥರು, ಅದೇ ತೊಂದರೆ. ಮೊದಲ ದಿನ ಅವರು ನನ್ನನ್ನು ಕಿಟಕಿಯ ಪಕ್ಕ ಕೂರಿಸಿ ಎದುರಿಗೆ ಒಂದು ಪೇರಲ ಹಣ್ಣು ಇಟ್ಟರು. ಶೆಡ್ಡಿನ ನಡುವೆ ಒಬ್ಬ ಮುದುಕ ಸ್ಟೂಲಿನ ಮೇಲೆ ಕೂತಿದ್ದ. ಗಂಡಸರೆಲ್ಲ ಅವನ ಸುತ್ತ ನಿಂತು ಅವನ ತಲೆ ಮಾಡುತ್ತಿದ್ದರು. ಮುಂದೆ ನನಗೆ ಸೀತಾಫಲ ಸಿಕ್ಕಿತು, ಆಮೇಲೆ ಬಾಳೆಹಣ್ಣಿನ ಚಿಪ್ಪು. ಮನುಷ್ಯ ಯಾವಾಗ ಬರುತ್ತಾನೆ ಸರ್ ಎಂದು ಕೇಳಿದೆ. ಮನುಷ್ಯನ ತಲೆ ಮಾಡಬೇಕಾದರೆ ಅವನನ್ನು ದಿಟ್ಟಿಸಿ ನೋಡಬೇಕಾಗುತ್ತದೆ, ಅದು ಹೆಣ್ಣುಮಕ್ಕಳಿಗೆ ಸಂಕೋಚವಲ್ಲವೇ ಎಂದರು ಮಾಸ್ತರರು. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಸೀಟು ಬಿಟ್ಟು ಎದ್ದೇಳುವ ಸೂಚನೆ ಯಾರ ಮುಖದಲ್ಲಿದೆ ಎಂದು ನಾನು ದಿನವೂ ಡಬ್ಬಿಯ ತುಂಬ ಜನರನ್ನು ದಿಟ್ಟಿಸುವವಳು. ನನಗೆ ಸಂಕೋಚವಂತೆ. ನಾನು ಜಗಳಕ್ಕೇ ನಿಂತೆ. ಕೊನೆಗೆ ಅವರು, ಮನೆಯಲ್ಲಿಯೇ ಒಂದು ಮನುಷ್ಯಾಕೃತಿ ಮಾಡಿ ತನ್ನಿ, ಮಳೆಗಾಲದಲ್ಲಿ ಹೊಸ ಪಾಠ ಶುರುವಾಗುತ್ತದೆ, ಚೆನ್ನಾಗಿದ್ದರೆ ನಿಮ್ಮನ್ನೂ ನಡುವಿಗೆ ಕರೆದುಕೊಳ್ಳುತ್ತೇನೆ ಎಂದು ಒಪ್ಪಿದರು. ಗೆದ್ದೆ ಎಂದುಕೊಂಡು ಒಂದು ಚೀಲ ಒದ್ದೆ ಮಣ್ಣು ಕಟ್ಟಿಸಿಕೊಂಡು ಲೋಕಲ್ ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು, ಇದು ತಲೆಗೆ ಹಚ್ಚುವ ಮಣ್ಣೇ, ಕೂದಲು ಉದುರುವುದು ನಿಲ್ಲುತ್ತದೆಯೇ ಎಂದು ಕುರ್ಲಾ ಬರುವತನಕ ಕೇಳಿದಳು.

ಮನೆಯಲ್ಲಿ ಮೂರೇ ಜನ. ನಮ್ಮವರನ್ನು ಎದುರಿಗೆ ಕೂರಿಸಿದರೆ ಎರಡು ನಿಮಿಷಕ್ಕೆ ನಿದ್ದೆ ಹೋಗುತ್ತಾರೆ, ರೇಡಿಯೋದಲ್ಲಿ ಕ್ರಿಕೆಟ್ ಹಚ್ಚಿ ಎಚ್ಚರ ಇಟ್ಟರೆ ವಿಕೆಟ್ ಬಿದ್ದಾಗ ಕುರ್ಚಿಯಿಂದ ಹಾರುತ್ತಾರೆ. ಹಾರುವ ಗಂಡನನ್ನು ಮಣ್ಣಿನಲ್ಲಿ ಮಾಡುವಷ್ಟು ವಿದ್ಯೆ ನನಗಿರಲಿಲ್ಲ. ಉಳಿದವರು ನಮ್ಮ ಅತ್ತೆ. ಅವರು ಕೂತರು, ಆದರೆ ಬರಿಗೈಯಲ್ಲಿ ಕೂರುವುದು ಅವರಿಗೆ ಅಪಮಾನ, ಮೊರದ ತುಂಬ ಅಕ್ಕಿ ತಂದುಕೊಂಡು ಹರಳು ಆರಿಸುತ್ತ ಕೂತರು. ಬರೀ ತಲೆ ಮಾಡುತ್ತೇನೆಂದರೆ, ರುಂಡ ಕಡಿದಂತೆ ಕಾಣುತ್ತದೆ, ಅದೆಲ್ಲ ಬೇಡ, ಪೂರ್ತಿ ಮಾಡು ಎಂದು ಅಪ್ಪಣೆಯಾಯಿತು. ತಲೆಯ ಮೇಲೆ ಸೆರಗು ಇರಬೇಕು, ಮೂಗುತಿ ಮರೆಯಬಾರದು, ಮೂಗು ಇಷ್ಟು ದಪ್ಪ ಇಲ್ಲ. ನಾನು ಹಲ್ಲು ಕಚ್ಚಿಕೊಂಡು ಮಣ್ಣು ಮೆತ್ತಿದೆ. ಒಂದೂವರೆ ಮೊಳದ ಅತ್ತೆ ಮೆಲ್ಲಗೆ ಎದ್ದು ಕೂತರು. ಆ ಮುಖದಲ್ಲಿ ಏನೋ ಜೀವ ಬಂದಿತ್ತು, ಸುಳ್ಳು ಹೇಳುವುದಿಲ್ಲ, ಆಗಾಗ ಎದ್ದು ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಮಣ್ಣು ಒಣಗಿ ಬಿರಿಯಬಾರದೆಂದು ನಮ್ಮವರ ಹಳೆಯ ಧೋತರ ಹಿಂಡಿ, ತಲೆಯಿಂದ ಬುಡದವರೆಗೆ ಸುತ್ತಿ, ಮೂಲೆಯಲ್ಲಿ ಇಡುತ್ತಿದ್ದೆ.

ಆದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ನಮ್ಮ ಕಡೆ ಆ ದಿನ ಮಣ್ಣಿನ ಎತ್ತು ಮಾಡಿ ಪೂಜಿಸಿ ನೀರಿಗೆ ಬಿಡುತ್ತಾರೆ. ಚೆಂಬೂರಿನಲ್ಲಿ ನಮಗೆ ಹೊಲವೂ ಇಲ್ಲ, ಎತ್ತೂ ಇಲ್ಲ, ಇದ್ದದ್ದು ಒಂದು ಸೈಕಲ್, ಅದೂ ಪಂಕ್ಚರ್. ಆದರೂ ಅತ್ತೆ ಒಂದು ವರ್ಷವೂ ಬಿಟ್ಟವರಲ್ಲ. ಆ ದಿನ ನಾನು ಆಫೀಸಿಗೆ ಹೋದ ಮೇಲೆ ನಾನು ಬಕೇಟಿನಲ್ಲಿ ಉಳಿಸಿಟ್ಟ ಮಣ್ಣಿನಲ್ಲೇ ಜೋಡೆತ್ತು ಮಾಡಿದ್ದಾರೆ, ಅದಕ್ಕೆ ನನ್ನ ತಕರಾರಿಲ್ಲ. ಸಂಜೆ ಮನೆಗೆ ಬಂದು ನೋಡಿದರೆ ಎತ್ತೂ ಇಲ್ಲ, ಮೂಲೆಯಲ್ಲಿ ಅತ್ತೆಯೂ ಇಲ್ಲ. ನಿಜವಾದ ಅತ್ತೆ ಮಾತ್ರ ಒಲೆಯ ಮುಂದೆ ಕಡಬು ಬೇಯಿಸುತ್ತಿದ್ದರು. ಮೂರ್ತಿ ಎಲ್ಲಿ ಎಂದೆ. ನೀರಿಗೆ ಬಿಟ್ಟಾಯಿತು ಎಂದರು, ಹಾಲು ಕಾಯಿಸಿಯಾಯಿತು ಎನ್ನುವ ಧ್ವನಿಯಲ್ಲಿ. ಒದ್ದೆ ಬಟ್ಟೆ ಸರಿಸಿ ನೋಡಿದರೆ ಬಲಗೈ ಮುರಿದು ಬಿದ್ದಿತ್ತಂತೆ. ಭಿನ್ನವಾದ ಮೂರ್ತಿ ಮನೆಯಲ್ಲಿರಬಾರದು. ಎತ್ತುಗಳ ಜೊತೆಗೆ ಅದನ್ನೂ ಮಗನ ಕೈಯಲ್ಲಿ ಕೊಟ್ಟು ಕೆರೆಗೆ ಕಳಿಸಿದ್ದರು.

ಕೈ ಬಿದ್ದದ್ದು ನಿಜವಿರಬೇಕು. ತೋಳಿನ ಮಣ್ಣಿನೊಳಗೆ ತಂತಿಯ ಎಲುಬು ಇಡಬೇಕೆಂದು ನನಗೆ ಯಾರು ಹೇಳಿದ್ದರು? ಪೇರಲ ಹಣ್ಣಿಗೆ ಎಲುಬಿಲ್ಲ. ಆದರೆ ಅವತ್ತು ಇದನ್ನೆಲ್ಲ ವಿಚಾರ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎಷ್ಟು ವಾರಗಳ ಕೆಲಸ, ಯಾರ ಮುಂದೆ ಬೇಡಿ ಗಳಿಸಿದ ಅವಕಾಶ, ಒಂದು ಕೈ ಅಂಟಿಸಿದ್ದರೆ ಸರಿಹೋಗುತ್ತಿತ್ತಲ್ಲ ಎಂದು ಕೂಗಾಡಿದೆ. ಈ ಮನೆಯಲ್ಲಿ ನನ್ನದು ಎನ್ನುವ ಒಂದೇ ಒಂದು ವಸ್ತು ಇತ್ತು, ಅದನ್ನೂ ಮುಳುಗಿಸಿದಿರಿ ಎಂದೆ. ನಮ್ಮವರು ನಡುವೆ ಬಂದು ಸಮಾಧಾನ ಮಾಡಲು, ಕೆರೆಯ ಹತ್ತಿರ ಇಬ್ಬರು ಹೆಂಗಸರು ಕೈ ಮುಗಿದು ಕುಂಕುಮ ಹಚ್ಚಿದರು, ಯಾವ ದೇವಿ ಎಂದು ಕೇಳಿದರು ಎಂದರು. ನಾನು ಕೂಗಾಟ ನಿಲ್ಲಿಸಿ, ಎಷ್ಟು ಹೊತ್ತು ನೋಡಿದರು, ಮುಂದಿನಿಂದಲೋ ಮಗ್ಗುಲಿನಿಂದಲೋ ಎಂದು ಕೇಳಿ, ಉತ್ತರ ಪಡೆದು, ಮತ್ತೆ ಕೂಗಾಟ ಮುಂದುವರಿಸಿದೆ.

ಅತ್ತೆ ಒಲೆ ಆರಿಸಿ ಹೊರಗೆ ಬಂದರು. "ನನ್ನ ಮಾರಿ ಮಾಡಿದಿ, ಬಿಳಿ ಅರಿವಿ ಸುತ್ತಿ ಮೂಲ್ಯಾಗ ಇಟ್ಟಿ. ದಿನಾ ಮುಂಜಾನೆ ಎದ್ದು ನನ್ನ ಹೆಣ ನಾನ ನೋಡ್ಕೋತ ಚಹಾ ಕುಡದೇನಿ. ಒಂದ ಮಾತು ಆಡಿಲ್ಲ. ಇವತ್ತ ಕೈನೂ ಬಿತ್ತು. ಇನ್ನೇನು ಬೀಳೂತನಕ ಕಾಯಲಿ, ಸುಶೀಲಾ?"

ನನ್ನ ಸಿಟ್ಟು ಹೋಗಲಿಲ್ಲ, ಹಾಗೆ ಹೋಗುವ ಜಾತಿಯದ್ದಲ್ಲ ಅದು. ಆದರೆ ಅಷ್ಟು ದಿನ ಆ ಮುಖವನ್ನು ದಿಟ್ಟಿಸಿದ್ದೆ, ಮೂಗಿನ ಅಳತೆ ಕಡ್ಡಿಯಲ್ಲಿ ತೆಗೆದಿದ್ದೆ, ಅದರಲ್ಲಿ ಇದು ನನಗೆ ಕಂಡಿರಲಿಲ್ಲ. ಎರಡು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಮೂರನೆಯ ದಿನ ಅತ್ತೆ ತಾವಾಗಿಯೇ ಮೊರ ತಂದುಕೊಂಡು ಎದುರಿಗೆ ಕೂತರು. ಸುತ್ತಲಿಕ್ಕೆ ತಮ್ಮದೊಂದು ಹಳೆಯ ಹಸಿರು ಇಳಕಲ್ ಸೀರೆ ಕೊಟ್ಟರು. "ಈ ಸಲ ಕೈ ಮೊದಲ ಮಾಡು," ಎಂದರು, ಮತ್ತೆ ಅಕ್ಕಿಯ ಕಡೆ ನೋಡಿದರು.

ಕೈಯನ್ನೇ ಮೊದಲು ಮಾಡಿದೆ, ಒಳಗೆ ತಂತಿ ಇಟ್ಟು. ಹಸಿರು ಸೀರೆ ಸುತ್ತಿದ ಅತ್ತೆಯನ್ನು ಮಡಿಲಲ್ಲಿ ಕೂರಿಸಿಕೊಂಡು ಬೈಕುಲ್ಲಾಕ್ಕೆ ಹೋದೆ. ಗಾಡಿಯಲ್ಲಿ ಒಬ್ಬ ಮುದುಕಿ ಕೂಸಿಗೆ ಎಷ್ಟು ತಿಂಗಳು ಎಂದು ಕೇಳಿದಳು, ಎಪ್ಪತ್ತರ ಹತ್ತಿರ ಎಂದೆ. ಮಾಸ್ತರರು ಮೂರ್ತಿಯ ಸುತ್ತ ತಿರುಗಿ, ಮುಖ ಇನ್ನೂ ಸುಧಾರಿಸಬೇಕು ಎಂದರು, ಅಕ್ಕಿ ಆರಿಸುವ ಬೆರಳುಗಳ ಮುಂದೆ ಮಾತ್ರ ಬಹಳ ಹೊತ್ತು ಬಾಗಿ ನಿಂತರು. ಮುಂದಿನ ಶನಿವಾರದಿಂದ ನೀವು ನಡುವೆ ಬನ್ನಿ ಎಂದರು.

ಆ ಶನಿವಾರ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋದೆ. ಮಳೆ ಜೋರಾಗಿತ್ತು, ಹಳಿಯ ಮೇಲೆ ನೀರು, ಕುರ್ಲಾದಲ್ಲಿ ತಾಸುಗಟ್ಟಲೆ ನಿಂತು, ತೊಯ್ದು, ಜಗಳಾಡಿ ಹೇಗೋ ಹೋಗಿ ಮುಟ್ಟಿದೆ. ನಡುವೆ ಸ್ಟೂಲು ಖಾಲಿಯಿತ್ತು, ಮಳೆಗೆ ಮುದುಕ ಬಂದಿರಲಿಲ್ಲ. ಮಾಸ್ತರರು ಸ್ಟೂಲು ನೋಡಿದರು, ಮಣ್ಣು ಕಲಸಿಕೊಂಡು ನಿಂತ ಗಂಡಸರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಬಾಯಿ, ಆಜ್ ತುಮ್ಹೀ ಬಸಾ," ಎಂದರು, ಅಮ್ಮಾ, ಇವತ್ತು ನೀವೇ ಕೂತುಕೊಳ್ಳಿ ಎಂದು.

ಕೂತೆ. ನಡುವೆಯೇ ಕೂತೆ, ಅವರು ಮಾತಿಗೆ ತಪ್ಪಿದರೆಂದು ಹೇಳುವಂತಿಲ್ಲ. ಮೂಗು ತುರಿಸಿತು, ಕೈ ಎತ್ತಿದರೆ ಅಲುಗಾಡಬೇಡಿ ಎಂದರು. ಗಂಡಸರು ಕಡ್ಡಿ ಹಿಡಿದು ಹತ್ತಿರ ಬಂದು, ನನ್ನ ಮೂಗಿನ ಅಳತೆ ತೆಗೆದು ಹೋದರು, ಅವರಿಗೆ ಏನೂ ಸಂಕೋಚವಿರಲಿಲ್ಲ. ಕೊನೆಗೆ ಎದ್ದು ನೋಡಿದರೆ ಸುತ್ತಲೂ ಮಣ್ಣಿನ ಮುಖಗಳು, ಒಂದೊಂದಕ್ಕೂ ಹುಬ್ಬು ಗಂಟು, ತುಟಿ ಬಿಗಿ, ಮೂಗಿನ ಹೊಳ್ಳೆ ಅರಳಿದೆ. ನನ್ನ ಮುಖ ಹೀಗಿಲ್ಲ ಎಂದೆ. ಎಲ್ಲರೂ ಒಮ್ಮೆ ನನ್ನ ಕಡೆ, ಒಮ್ಮೆ ಮಣ್ಣಿನ ಕಡೆ ನೋಡಿದರು.

ಮನೆಗೆ ಬಂದಾಗ ಅತ್ತೆ, ಇವತ್ತು ಏನು ಮಾಡಿದೆ ಎಂದು ಕೇಳಿದರು. ಕೂತೆ ಎಂದೆ.

"ಕೂಡಾಕ ಅಲ್ಲೀತನಕ ಹೋಗಬೇಕಾಗಿತ್ತೇನು?" ಎಂದರು. "ನೆಟ್ಟಗ ಕೂತಿದ್ದಿ ಇಲ್ಲೋ?"

ಉತ್ತರ ಕೊಡಲು ಬಾಯಿ ತೆರೆದವಳು, ಮೊದಲು ಒಳಗೆ ಹೋಗಿ, ಮುಖ ಬದಲಾಗುವುದರೊಳಗೆ, ಕನ್ನಡಿಯಲ್ಲಿ ನೋಡಿಕೊಂಡೆ. ಹುಬ್ಬು ಗಂಟು, ತುಟಿ ಬಿಗಿ. ಆ ಗಂಡಸರಿಗೆ ಕೆಲಸ ಚೆನ್ನಾಗಿಯೇ ಬರುತ್ತಿತ್ತು.